ವಾನರಮನೆಯ ಚಿಲಕ

ಕಾವಲುಗಾರ ಬಾಗಿಲು ತೆರೆದಾಗ ನಿರ್ದೇಶಕರು ದಿಂಬಿಗೆ ಒರಗಿ ಆಕಳಿಸುತ್ತಿದ್ದರು. ಈ ವಾರದಲ್ಲಿ ಮೂರನೆಯ ಸಲ ಯಾರೋ ಅವರನ್ನು ಕಚೇರಿಯೊಳಗೆ ಕೂಡಿಹಾಕಿ, ಹೊರಗಿನಿಂದ ಚಿಲಕ ಜಡಿದಿದ್ದರು.

ಅದು ಮೃಗಾಲಯದ ಅತಿ ಹಳೆಯ ಕಟ್ಟಡ. ಚಿಂಪಾಂಜಿಗಳ ಕಿರುಚಾಟ ಊರಿಗೆ ಕೇಳಬಾರದೆಂದು ಹಿಂದಿನವರು ಮೊಳದಪ್ಪದ ಗೋಡೆ ಎಬ್ಬಿಸಿದ್ದರು. ಚಿಂಪಾಂಜಿಗಳು ಎದುರಿನ ಹೊಸ ಮನೆಗೆ ಹೋದವು, ನಿರ್ದೇಶಕರು ಇಲ್ಲಿಗೆ ಬಂದರು. ಪಾರಂಪರಿಕ ಕಟ್ಟಡವಾದ್ದರಿಂದ ಒಂದು ಮೊಳೆಯನ್ನೂ ಕೀಳುವಂತಿರಲಿಲ್ಲ. ಹೀಗಾಗಿ ಸರಳುಗಳು, ಬಾಗಿಲ ಪಕ್ಕ ಬಾಳೆಹಣ್ಣು ಕೊಡುವ ಕಿಂಡಿ, ಹೊರಗಿನ ಚಿಲಕ ಎಲ್ಲವೂ ಇದ್ದಲ್ಲೇ ಇದ್ದವು.

"ರಾತ್ರಿಯೆಲ್ಲ ಕೂಗಿದೆ. ಒಬ್ರಾದ್ರೂ ಬರಬೇಕಲ್ಲ?" ಎಂದರು ನಿರ್ದೇಶಕರು. ಅವರ ಗಂಟಲು ಮಾತ್ರ ಒಂಚೂರೂ ಕಟ್ಟಿರಲಿಲ್ಲ.

ಅಷ್ಟರಲ್ಲಿ ಅವರ ಹೆಂಡತಿ ಬಂದು ಕಾವಲುಗಾರನತ್ತ ತಿರುಗಿದರು. ಮೃಗಾಲಯದಲ್ಲಿ ಸಹಿ ಸಾಹೇಬರದು, ಮಾತು ಅಮ್ಮಾವ್ರದು.

"ಅಲ್ಲಪ್ಪ, ನನ್ನ ತಮ್ಮ ಹೊಸದಾಗಿ ಕಹಳೆ ಕಲೀತಿದ್ದಾನೆ. ಭಾವನಿಗೆ ಕೇಳಿಸ್ಬೇಕು ಅಂತ ದಿನಾ ಸಂಜೆ ಮನೇಲಿ ಕಾಯ್ತಾನೆ. ಇಲ್ಲಿ ನೋಡಿದ್ರೆ ಈ ಕಥೆ. ಚಿಲಕ ಹಾಕ್ದೋರನ್ನ ಇವತ್ತು ಹಿಡಿ, ಇಲ್ಲಾಂದ್ರೆ ನಾಳೆಯಿಂದ ಬರಬೇಡ."

"ಹೋಗ್ಲಿ ಬಿಡೇ, ಪಾಪ," ಎಂದರು ನಿರ್ದೇಶಕರು.

"ನೀವು ಸುಮ್ನಿರಿ."

ಅವರು ದಿಂಬನ್ನು ಕಪಾಟಿಗೆ ಸೇರಿಸಿದರು.

ಕಾವಲುಗಾರನಿಗೆ ಅನುಮಾನ ಅಜ್ಜಿಯ ಮೇಲೆ. ಅಜ್ಜಿ ಎಂದರೆ ಮುದಿ ಚಿಂಪಾಂಜಿ. ಹುಟ್ಟಿ ಬೆಳೆದ ಮನೆ ಬಿಟ್ಟುಕೊಟ್ಟ ಸಿಟ್ಟು ಅದಕ್ಕಿನ್ನೂ ಇಳಿದಿರಲಿಲ್ಲ, ಚಿಲಕದ ಆಟವಂತೂ ನೀರು ಕುಡಿದಷ್ಟು ಸುಲಭ. ಆದರೆ ಅದು ಸಿಕ್ಕಿಬಿದ್ದರೆ ಅದಕ್ಕೆ ಸರಪಳಿ, ಸಿಗದಿದ್ದರೆ ತನ್ನ ಅನ್ನಕ್ಕೆ ಕಲ್ಲು. ಅಜ್ಜಿಯನ್ನು ಮರಿಯಿಂದ ಸಾಕಿದವನು ಅವನೇ. ದಿನಾ ಹುಲಿಗೆ ಮಾಂಸ ಹಾಕಿಯೂ ಹೆದರದವನಿಗೆ ಅಂದು ಅತ್ತ ದರಿ, ಇತ್ತ ಪುಲಿ.

ಸಂಜೆ ಗೇಟು ಮುಚ್ಚಿತು. ನಿರ್ದೇಶಕರು ಎಂದಿನಂತೆ ಕೆಲಸ ಬಾಕಿಯಿದೆಯೆಂದು ಒಳಗೇ ಉಳಿದರು. ಕಾವಲುಗಾರ ಪೊದೆಯ ಹಿಂದೆ ಕುಳಿತ. ಎದುರಿನ ಗೂಡಿನಲ್ಲಿ ಅಜ್ಜಿ ಕೈಕಟ್ಟಿಕೊಂಡು, ನಾಟಕಕ್ಕೆ ಬಂದವರ ಹಾಗೆ, ಕಚೇರಿಯ ಬಾಗಿಲನ್ನೇ ನೋಡುತ್ತಿತ್ತು.

ಚಿಲಕ ಕಿರ್ರೆಂದಿತು. ಅಜ್ಜಿ ಕೂತಲ್ಲಿಂದ ಕದಲಿರಲಿಲ್ಲ.

ಬಾಳೆಹಣ್ಣಿನ ಕಿಂಡಿಯಿಂದ ಹೊರಬಂದಿದ್ದ ಕೈಗಡಿಯಾರ ಕಟ್ಟಿದ ತೋಳೊಂದು ಚಿಲಕವನ್ನು ಪೂರ್ತಿ ಎಳೆದು ಒಳಗೆ ಸರಿಯಿತು. ನಿರ್ದೇಶಕರು ಪಿಸುದನಿಯಲ್ಲಿ ಒಂದೇ ಒಂದು ಸಲ "ಯಾರಾದ್ರೂ ಬನ್ನಿ" ಎಂದು ಕೂಗಿ, "ಅಬ್ಬ, ಇವತ್ತೂ ಕಹಳೆ ತಪ್ತು" ಎನ್ನುತ್ತ ದಿಂಬು ತಟ್ಟಿಕೊಂಡರು.