ಗುರುಸಿದ್ದವ್ವನ ದನಿ ಇರುವ ಊರು

ಸತ್ತವರ ದನಿ ಯಾವ ಮನೆಯಲ್ಲಿ ಕೇಳಿಸುತ್ತದೆಯೋ ಆ ಊರಿನ ನ್ಯಾಯಾಲಯದಲ್ಲೇ ಅವರ ಉಯಿಲಿನ ವಿಚಾರಣೆ ನಡೆಯಬೇಕೆಂಬುದು ಕಾನೂನು. ಗುರುಸಿದ್ದವ್ವ ತನ್ನ ಮನೆಯನ್ನು ಸೊಸೆ ಕಸ್ತೂರಿಗೆ ಬರೆದಿಟ್ಟು ತೀರಿಕೊಂಡಳು. ಆ ಉಯಿಲು ಸುಳ್ಳೆಂದು ಮಗ ಮಲ್ಲೇಶಪ್ಪ ಗದಗಿನಲ್ಲಿ ದಾವೆ ಹೂಡಿದ. ಗಂಡನಾದ ಅವನೇ ಮನೆಯಿಂದ ಹೊರಗೆ ಹಾಕಿದ ಮೇಲೆ ಹುಬ್ಬಳ್ಳಿಯಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದ ಕಸ್ತೂರಿ, ದಾವೆಯನ್ನು ಅಲ್ಲಿಗೆ ವರ್ಗಾಯಿಸಲು ಕೇಳಿಕೊಂಡಳು.

"ಅವ್ವ ಸಾಯೂತನಕ ನಮ್ಮನ್ಯಾಗ ಇದ್ದಳ್ರಿ," ಎಂದ ಮಲ್ಲೇಶಪ್ಪ.

"ಈಗ ದನಿ ಕೇಳಿಸುತ್ತದೆಯೇ?" ನ್ಯಾಯಾಧೀಶರು ಕೇಳಿದರು.

"ಇನ್ನೂ ಇಲ್ರಿ. ಮಲಗಿರಬೇಕ್ರಿ."

ಎಷ್ಟೋ ಮಕ್ಕಳು ಹೀಗೇ ಹೇಳುವುದರಿಂದ ಯಾರೂ ನಗಲಿಲ್ಲ.

"ಮಣ್ಣು ಮಾಡಿದ ಮರುದಿನಾನ ನಮ್ಮ ಅಡಿಗಿಮನ್ಯಾಗ ಮಾತಾಡಾಕ ಹತ್ಯಾರ್ರಿ," ಎಂದಳು ಕಸ್ತೂರಿ. "ಸಾರಿಗೆ ಉಪ್ಪು ಕಡಿಮಿ ಅಂತಾರ."

ಕೋರ್ಟಿನ ಅಮೀನ ಎರಡೂ ಮನೆಗಳಲ್ಲಿ ಕುಳಿತು ಕೇಳಿ ಬಂದಿದ್ದ. ಅವಳ ಮಾತು ನಿಜವೆಂದ. ದಾವೆ ಹುಬ್ಬಳ್ಳಿಗೆ ವರ್ಗವಾಯಿತು.

ಹೊರಗೆ ಬೇವಿನ ಮರದ ಕೆಳಗೆ ಮಲ್ಲೇಶಪ್ಪ ಹೆಂಡತಿಯ ಹತ್ತಿರ ಬಂದು ನಿಂತ. ಮನೆ ಕೈಬಿಟ್ಟೀತೆಂಬ ಚಿಂತೆ ಆಗ ಅವನಿಗೆ ಇರಲಿಲ್ಲ.

"ಅವ್ವ ನನ್ನ ಹೆಸರು ತಗೀತಾಳೇನು?"

"ದಿನಾ ಬೈತಾರ."

"ಏನಂತ?"

"ಹೆಂಡತಿನ್ನ ಹೊರಗ ಹಾಕಿದಾಂವ ನನ್ನ ಮಗನ ಅಲ್ಲ ಅಂತಾರ." ಕಸ್ತೂರಿ ಚೀಲ ಹೆಗಲಿಗೇರಿಸಿದಳು. "ಆದ್ರ ಬಾಗಲಾ ಸಪ್ಪಳಾದ್ರ ಸಾಕು, ಮಲ್ಲೇಶ ಬಂದನೇನು ಅಂತ ಕೇಳ್ತಾರ."

ಅವಳು ಬಸ್ ನಿಲ್ದಾಣದ ಕಡೆ ನಡೆದಳು. ತಾಯಿಯಿಂದ ಬೈಸಿಕೊಳ್ಳಲು ಮಲ್ಲೇಶಪ್ಪನೂ ಅವಳ ಹಿಂದೆ ಹೊರಟ.