ಒಂದು ಚುಕ್ಕಿ ಕಡಿಮೆ

ಕರಿಹಲಗೆಯ ಮುಂದೆ ನಿಂತ ಅಂಬುಜಾಕ್ಷಿಗೆ ಲೆಕ್ಕದ ಪಾಠದ ಮೊದಲ ಮಾತೇ ಮರೆತುಹೋಗಿತ್ತು. ಹನ್ನೆರಡು ವರ್ಷ ಮನೆ, ಮಕ್ಕಳು, ಗಂಡನ ಫ್ಯಾಕ್ಟರಿ ಶಿಫ್ಟು ಎಂದು ಕಳೆದವಳು ಇವತ್ತು ಮತ್ತೆ ಟೀಚರಾಗಿ ಕಾಡುಗೋಡಿಯ ಶಾಲೆಗೆ ಬಂದಿದ್ದಳು. "ಬಿಟ್ಟು ಬಹಳ ದಿನ ಆಯ್ತಲ್ಲ ಮೇಡಂ, ಆಗುತ್ತಾ ನೋಡೋಣ" ಎಂದಿದ್ದ ಹೆಡ್‌ಮಾಸ್ಟರು ಬಾಗಿಲಲ್ಲೇ ನಿಂತಿದ್ದರು.

ದೂರದಲ್ಲಿ ರೈಲು ಕೂಗಿತು. ದಿನಾ ಬೆಳಗ್ಗೆ ಅಂಥದೇ ಕೂಗು ಕೇಳುತ್ತ ಅವಳು ಹೊಸಿಲ ಮುಂದೆ ರಂಗೋಲಿ ಇಡುತ್ತಿದ್ದಳು. ಸೀಮೆಸುಣ್ಣ ಹಿಡಿದ ಕೈ ತನ್ನಷ್ಟಕ್ಕೆ ಮೇಲೆದ್ದು ಹಲಗೆಯ ಮೇಲೆ ಏಳು ಚುಕ್ಕಿ ಇಟ್ಟಿತು. ಅದರ ಕೆಳಗೆ, ಸಂದಿಗೊಂದರಂತೆ, ಆರು. ಅದರ ಕೆಳಗೆ ಇನ್ನೊಂದು ಸಾಲು. ಹಲಗೆ ಸಾರಿಸಿದ ಅಂಗಳವಾಗಿತ್ತು. ಒದ್ದೆ ಮಣ್ಣಿನ ವಾಸನೆಯೂ ಬಂದಂತಾಯಿತು.

"ಮಿಸ್, ಮೂರನೇ ಸಾಲಾಗೆ ಒಂದು ಚುಕ್ಕಿ ಕಮ್ಮಿ ಐತೆ," ಎಂದಳು ಹಿಂದೆ ಕೂತಿದ್ದ ಮುನಿಲಕ್ಷ್ಮಿ.

ಅಂಬುಜಾಕ್ಷಿ ಬೆಚ್ಚಿ ನೋಡಿದಳು. ನಾಲ್ಕೇ ಇದ್ದವು. ನಾಚಿಕೆಯಿಂದ ಅಳಿಸಲು ಹೋದ ಕೈ ಅರ್ಧಕ್ಕೇ ನಿಂತಿತು. ಅವಳು ಮಕ್ಕಳತ್ತ ತಿರುಗಿ ಸೀಮೆಸುಣ್ಣ ಚಾಚಿದಳು.

"ಹೌದಾ? ಹಾಗಾದ್ರೆ ಎಷ್ಟಿರಬೇಕು? ಯಾಕೆ? ಬಾ, ಎಲ್ಲರಿಗೂ ತೋರಿಸು."

ಹೆಡ್‌ಮಾಸ್ಟರು ಯಾವಾಗ ಹೊರಟುಹೋದರೋ, ಅವಳಿಗೆ ಗೊತ್ತೇ ಆಗಲಿಲ್ಲ.