ಕೆಂಪು ಕಾರಿನ ಚೌಕಾಸಿ

ವಿನೋದಾ ಮುಷ್ಟಿ ಬಿಗಿದು ಕೆಂಪು ಕಾರಿನ ಬಾನೆಟ್ಟಿಗೆ ಗುದ್ದಿದಳು. ಅಂಗೈಗೆ ಸುತ್ತಿದ್ದ ಬಟ್ಟೆಯಲ್ಲಿ ರಕ್ತ ಜಿನುಗಿತು.

"ಇಲ್ಲಿ ಪುಟ್ಟಿ ಹಾಕಿ ಪೇಂಟ್ ಮಾಡಿದೀರಿ. ಈ ಕಾರು ಯಾರಿಗೋ ಗುದ್ದಿದೆ."

ಶಿರಸಿಯಲ್ಲಿ ಹಳೇ ಕಾರುಗಳ ವ್ಯಾಪಾರ ಮಾಡುವ ಸುನೀಲ ಬೆಚ್ಚಿದ. "ಮೇಡಂ, ಕೈಗೆ ಪೆಟ್ಟಾಯ್ತು ನೋಡಿ!"

"ಅದು ನಿನ್ನೆಯ ಗಾಯ. ರೇಟ್ ಹೇಳಿ."

ಅಂಗಳದಲ್ಲಿ ಒಂದೇ ಕಂಪನಿಯ ಎರಡು ಸ್ಪೋರ್ಟ್ಸ್ ಕಾರುಗಳಿದ್ದವು. ಹಳದಿಯದು ಕೆಳಗಿನ ಮಾಡೆಲ್, ಕೆಂಪಿನದು ಟಾಪ್ ಎಂಡ್. ಸುನೀಲ ಹಳದಿಯದನ್ನೇ ಹೊಗಳಿದ. "ಎಂಜಿನ್ ಎರಡಕ್ಕೂ ಒಂದೇ. ಟಾಪ್ ಎಂಡಿಗೆ ಸನ್‌ರೂಫು, ದೊಡ್ಡ ಬ್ರೇಕು. ನಮ್ಮ ರೋಡಿಗೆ ಅದೆಲ್ಲ ಎಂತಕ್ಕೆ?"

"ದೊಡ್ಡ ಬ್ರೇಕ್ ಇದ್ದೂ ನಿಲ್ಲಲಿಲ್ಲವಲ್ಲ. ಕೆಂಪಿನದೇ ಬೇಕು."

ಜೊತೆಗೆ ಬಂದಿದ್ದ ದೇವಿ ಕಾರಿನ ಮುಂಭಾಗವನ್ನೇ ದಿಟ್ಟಿಸುತ್ತಿದ್ದಳು. ತಂಗಿ ಇರಬೇಕು ಎಂದುಕೊಂಡ ಸುನೀಲ.

"ಹದಿನೆಂಟು ಲಕ್ಷ."

"ಹನ್ನೆರಡು."

"ಹನ್ನೆರಡಕ್ಕೆ ಹಳದಿಯೂ ಬರೂದಿಲ್ಲ ಮಾರಾಯ್ರೆ!"

"ಸತ್ತವರ ರಕ್ತ ಮೆತ್ತಿದ ಕಾರಿಗೆ ಅದೇ ಹೆಚ್ಚು. ಬಿಳಗಿಯ ಕಲ್ಲಯ್ಯ ಅಲ್ವಾ, ಇದರಡಿ ಸಿಕ್ಕವರು?"

ಸುನೀಲನ ಮುಖ ಬಿಳಿಚಿತು. ಬೆಲೆ ಒಮ್ಮೆಲೇ ಹದಿನೈದಕ್ಕೆ ಇಳಿಯಿತು. "ಕಾರಿಗೆ ಎಂತ ತಕರಾರೂ ಇಲ್ಲ. ಕೋರ್ಟು ಬಿಟ್ಟುಕೊಟ್ಟಿದೆ. ಕೇಸು ಇರೂದು ಓನರ್ ಆನಂದನ ಹೆಂಡತಿ ಮೇಲೆ. ತಾನೇ ಓಡಿಸಿದ್ದು ಅಂತ ಒಪ್ಪಿಕೊಂಡಿದಾಳೆ. ಜಾಮೀನಿನ ಮೇಲಿದಾಳೆ."

"ನಾಳೆ ಅವಳು ತಿರುಗಿಬಿದ್ರೆ? ಪೊಲೀಸರು ಮತ್ತೆ ಕಾರು ಒಯ್ತಾರೆ. ಬೇಡ ಬಿಡಿ." ವಿನೋದಾ ದೇವಿಯ ಕೈ ಹಿಡಿದು ಗೇಟಿನತ್ತ ನಡೆದಳು.

ಸುನೀಲ ಓಡಿ ಬಂದು ಅಡ್ಡ ನಿಂತ. ದನಿ ತಗ್ಗಿಸಿದ. "ಅವಳು ಬಾಯಿ ಬಿಡೂದಿಲ್ಲ. ಆನಂದ ಬೆಲ್ಟಲ್ಲಿ ಬಡಿದು ಒಪ್ಪಿಸಿದಾನೆ. ದವಡೆ ಮುರಿದಿತ್ತಂತೆ. ಬಾಯಿ ಬಿಟ್ಟರೆ ಕೊಂದೇ ಹಾಕ್ತಾನೆ."

"ಓಡಿಸಿದ್ದು ಆನಂದನಾ? ಸುಳ್ಳು."

"ಸುಳ್ಳೆಂತ? ಪಕ್ಕದಲ್ಲಿ ಕೂತವ ನಾನೇ! ಕಾರು ಮಾರೂಕೆ ತಂದಿದ್ದ, ಓಡಿಸಿ ತೋರಿಸ್ತೇನೆ ಅಂದ. ಮುದುಕ ಹಾರಿ ಗಾಜಿಗೆ ಬಡಿದು ಕೆಳಗೆ ಬಿದ್ದ. ಜೀವ ಇತ್ತು, ಕೈ ಎತ್ತಿದ. ಬದುಕಿದ್ರೆ ಸಾಕ್ಷಿ ಹೇಳ್ತಾನೆ ಅಂತ ಆನಂದ ರಿವರ್ಸ್ ತಗೊಂಡು ಮೇಲಿಂದಲೇ ಹಾಯಿಸಿದ." ಸುನೀಲ ಹಣೆ ಒರೆಸಿಕೊಂಡ. "ಕಣ್ಣಾರೆ ಕಂಡವರು ನಾವಿಬ್ಬರೇ. ಹಾಗಾಗಿ ಕೇಸು ಮತ್ತೆ ಏಳೂದಿಲ್ಲ. ಹದಿಮೂರಕ್ಕೆ ಮುಗಿಸುವ. ತಂಗೀ, ನೀವಾದ್ರೂ ಹೇಳಿ."

ದೇವಿ ಅವನ ಕೊರಳಪಟ್ಟಿಗೆ ಕೈ ಹಾಕಿದಳು. ತಲೆಯನ್ನು ಗೇಟಿನ ಕಂಬಿಗೆ ಅಪ್ಪಳಿಸಿದಳು. ಮತ್ತೊಮ್ಮೆ ಅಪ್ಪಳಿಸಿದಳು. "ನಮ್ಮಪ್ಪ ಕೈ ಎತ್ತಿದ್ದನ್ನ ನೋಡಿಯೂ ಸುಮ್ನೆ ಕೂತಿದ್ಯಾ?"

ಸುನೀಲ ನೆಲಕ್ಕೆ ಕುಸಿದ. ವಿನೋದಾ ದೇವಿಯನ್ನು ಬಲವಾಗಿ ಎಳೆದು ಹಿಡಿದಳು. "ಸಾಕು ಬಿಡು. ಕೋರ್ಟಿನಲ್ಲಿ ಮಾತಾಡೋಕೆ ಇವನಿಗೆ ಬಾಯಿ ಬೇಕು."

ಸುನೀಲ ರಕ್ತ ಉಗುಳಿದ. "ನೀವೂ... ಕಲ್ಲಯ್ಯನ ಮಗಳಾ?"

"ಅಲ್ಲ," ಎಂದಳು ವಿನೋದಾ. "ನಿನ್ನೆ ಇವಳು ಕತ್ತಿ ಹಿಡಿದು ಕಡಿಯೋಕೆ ಬಂದಿದ್ದು ನನ್ನನ್ನೇ. ಆನಂದನ ಹೆಂಡತಿ ನಾನು."